ಮೂವತ್ತು ಕಿಲೋ ಮತ್ತು ಮೂರು ಪುಟ್ಟ ಬಾಟಲಿ

ಜೂನ್ ಬಂತೆಂದರೆ ನಮ್ಮ ಕಟ್ಟಡದಲ್ಲಿರುವ ಒಂದೇ ಒಂದು ತೂಕದ ಯಂತ್ರಕ್ಕೆ ಬಿಡುವೇ ಇರುವುದಿಲ್ಲ. ಈ ರೂಮಿನಿಂದ ಆ ರೂಮಿಗೆ, ಅಲ್ಲಿಂದ ಮೇಲಿನ ಮಹಡಿಗೆ ಅದು ತಿರುಗುತ್ತಲೇ ಇರುತ್ತದೆ. ಪೆಟ್ಟಿಗೆ ಎತ್ತಿಕೊಂಡು ನಿಂತು ಒಮ್ಮೆ, ಬರಿಗೈಯಲ್ಲಿ ನಿಂತು ಇನ್ನೊಮ್ಮೆ, ಆಮೇಲೆ ಕಳೆಯುವ ಲೆಕ್ಕ. ಮೂವತ್ತೊಂದೂವರೆ ಬಂದರೆ ಹಾಲಿನ ಪುಡಿ ಡಬ್ಬ ಹೊರಗೆ, ಇಪ್ಪತ್ತೊಂಬತ್ತು ಬಂದರೆ ಶ್ಯಾಂಪೂ ಒಳಗೆ. ಮಧ್ಯರಾತ್ರಿಯವರೆಗೂ ಇದೇ ಆಟ. ಮರುದಿನ ವಿಮಾನ ನಿಲ್ದಾಣದಲ್ಲಿ ಅದೇ ಪೆಟ್ಟಿಗೆಯನ್ನು ನಾಲ್ಕು ಜನರ ಮುಂದೆ ಬಿಚ್ಚಿ, ಹೆಚ್ಚಾದದ್ದನ್ನು ಕೈಚೀಲಕ್ಕೆ ತುರುಕಿ, ಕೈಚೀಲದ ಏಳು ಕಿಲೋ ಹತ್ತಾದಾಗ ಎರಡು ಅಂಗಿ ಮೇಲಿಂದ ಮೇಲೆ ಹಾಕಿಕೊಂಡು ಊರಿಗೆ ಹೊರಟವರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮಲ್ಲಿ ಎಷ್ಟೋ ಮಂದಿ ಹಾಗೆ ಹೊರಟವರೇ.

ಸಂಘದ ಸಂಚಿಕೆಗೆ ಏನಾದರೂ ಉಪಯೋಗಕ್ಕೆ ಬರುವಂಥದ್ದು ಬರೆಯಿರಿ ಎಂದು ಸಂಪಾದಕರು ಕೇಳಿದಾಗ ನನಗೆ ಹೊಳೆದದ್ದು ಈ ವಿಷಯ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮೂವತ್ತು ಕಿಲೋದಲ್ಲಿ ಅರ್ಧದಷ್ಟು ಇಂದು ಬೇಕಿಲ್ಲ. ಆ ಅರ್ಧದಲ್ಲಿ ಒಂದಷ್ಟರ ಕೆಲಸವನ್ನು ಅಂಗೈಯಲ್ಲಿ ಅಡಗುವ ಮೂರು ಎಣ್ಣೆ ಬಾಟಲಿಗಳು ಮಾಡಬಲ್ಲವು. ಆದರೆ ಯಾವ ಬಾಟಲಿ, ಯಾವ ದೇಶದಲ್ಲಿ, ಯಾರು ಕೊಟ್ಟದ್ದು ಎಂಬುದನ್ನು ನೋಡದೆ ಚೀಲಕ್ಕೆ ಹಾಕಿದರೆ ಅದೇ ಪುಟ್ಟ ಬಾಟಲಿ ನಮ್ಮ ಕೆಲಸ, ವೀಸಾ, ಸ್ವಾತಂತ್ರ್ಯ ಎಲ್ಲವನ್ನೂ ಕಸಿಯಬಹುದು.

ಗಲ್ಫ್ ಪೆಟ್ಟಿಗೆ ಭಾರವಾದದ್ದು ಸುಮ್ಮನೆ ಅಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯವರು ಬೊಂಬಾಯಿಗೆ ಬಸ್ಸು ಹಿಡಿದು ಅಲ್ಲಿಂದ ಹಾರಿದವರು. ಎರಡು ಮೂರು ವರ್ಷಕ್ಕೊಮ್ಮೆ ಮರಳುವವರು. ಆಗ ಊರಿನ ಅಂಗಡಿಯಲ್ಲಿ ಒಳ್ಳೆಯ ಸೋಪು ಸಿಗುತ್ತಿರಲಿಲ್ಲ, ಟೇಪ್ ರೆಕಾರ್ಡರ್ ಸಿಗುತ್ತಿರಲಿಲ್ಲ, ಟ್ಯಾಂಗ್ ಎಂದರೇನು ಎಂದೇ ಗೊತ್ತಿರಲಿಲ್ಲ. ಪೆಟ್ಟಿಗೆ ಬಿಚ್ಚುವ ದಿನ ಅಕ್ಕಪಕ್ಕದವರು ಬಂದು ಜಗಲಿಯಲ್ಲಿ ಕೂರುತ್ತಿದ್ದರು. 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. 2006ರಲ್ಲಿ ಮಂಗಳೂರಿನಿಂದಲೇ ಗಲ್ಫಿಗೆ ವಿಮಾನ ಬಂತು. ಇಂದು ದೇರಾದಲ್ಲಿ ಸಿಗುವ ಚಾಕೊಲೇಟು ಹಂಪನಕಟ್ಟೆಯಲ್ಲೂ ಸಿಗುತ್ತದೆ, ಕೆಲವು ಸಲ ಅಗ್ಗಕ್ಕೆ. ಕಾರಣ ಹೋದರೂ ಪೆಟ್ಟಿಗೆಯ ಭಾರ ಹೋಗಲಿಲ್ಲ.

ಆ ಹಳೆಯ ಪೆಟ್ಟಿಗೆಯಲ್ಲಿ ಒಂದು ಜಾಣ ವಸ್ತು ಇತ್ತು. ಕೊಡಲಿ ಗುರುತಿನ ಹಸಿರು ಎಣ್ಣೆ. ನಮ್ಮವರು ಅದನ್ನು ಕೊಡಲಿ ಎಣ್ಣೆ, ಎಕ್ಸ್ ಆಯಿಲ್, ಏನೇನೋ ಕರೆದರು. 1928ರಿಂದ ಸಿಂಗಾಪುರದಲ್ಲಿ ತಯಾರಾಗುವ ಅದರೊಳಗೆ ಇರುವುದು ನೀಲಗಿರಿ ಎಣ್ಣೆ, ಮೆಂಥಾಲ್, ಕರ್ಪೂರ, ಇನ್ನೊಂದೆರಡು. ಅಂದರೆ ಅಮೆರಿಕದವರು ಇವತ್ತು ಎಸೆನ್ಷಿಯಲ್ ಆಯಿಲ್ ಎಂದು ಸಂಭ್ರಮಪಡುವ ಸುಗಂಧ ತೈಲವನ್ನು ನಮ್ಮ ಅಜ್ಜಿಯರು ಐವತ್ತು ವರ್ಷ ಹಿಂದೆಯೇ ಸೆರಗಿನ ತುದಿಗೆ ಕಟ್ಟಿಕೊಂಡಿದ್ದರು. ಟೇಪ್ ರೆಕಾರ್ಡರ್ ಮೂಲೆ ಸೇರಿತು, ಬಟ್ಟೆ ಹರಿಯಿತು. ಆ ಬಾಟಲಿಯನ್ನು ಮಾತ್ರ ಊರಿನವರು ಈಗಲೂ ಕೇಳುತ್ತಾರೆ.

ಹಗುರ ಪ್ರಯಾಣ ಎಂದರೇನು ಎಂದು ನಾನು ಕಣ್ಣಾರೆ ನೋಡಿದ್ದು ಕಲ್ವರ್ ಸಿಟಿಯಲ್ಲಿ. ಲಾಸ್ ಏಂಜಲೀಸಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ಪುಟ್ಟ ಊರು. ದೊಡ್ಡ ವಿಮಾನ ನಿಲ್ದಾಣ ಅಲ್ಲಿಂದ ತೀರಾ ಹತ್ತಿರ. ಸಿನಿಮಾ ಸ್ಟುಡಿಯೋಗಳಿಂದ ಹೆಸರಾದ ಆ ಊರಿಗೆ ಈಗ ಅಮೆಜಾನ್, ಆಪಲ್ ಕಂಪನಿಗಳೂ ಬಂದಿವೆ. ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ಗಲ್ಫಿನವರಿಗೆ ಆ ಊರು ಅಷ್ಟೇನೂ ದೂರದ್ದು ಅನ್ನಿಸುವುದಿಲ್ಲ. ವಾಷಿಂಗ್ಟನ್ ಬುಲೆವಾರ್ಡಿನಲ್ಲಿ ಸೌದಿ ಹಣದಲ್ಲಿ ಕಟ್ಟಿದ ಕಿಂಗ್ ಫಹದ್ ಮಸೀದಿ ಇದೆ. ವೆನಿಸ್ ಬುಲೆವಾರ್ಡಿನ ಕಡೆ ಹೋದರೆ ಇಂಡಿಯನ್ ಅಂಗಡಿಗಳು. ಸಾರಿನ ಪುಡಿಯಿಂದ ಅಗರಬತ್ತಿಯವರೆಗೆ ಎಲ್ಲವೂ. ರಸ್ತೆ ಬದಿಯಲ್ಲಿ ನೀಲಗಿರಿ ಮರ ಕಂಡು ಕೋಲಾರದ ನೆನಪಾಯಿತು. ಆಸ್ಟ್ರೇಲಿಯದ ಮರ, ಕ್ಯಾಲಿಫೋರ್ನಿಯಕ್ಕೆ ಬಂದದ್ದು ಚಿನ್ನದ ಬೇಟೆಯ ಕಾಲದಲ್ಲಿ, 1850ರ ದಶಕದಲ್ಲಿ. ನಮ್ಮ ನಂದಿಬೆಟ್ಟಕ್ಕೆ ಅದಕ್ಕೂ ಮೊದಲೇ, 1790ರ ಸುಮಾರಿಗೆ, ಟಿಪ್ಪು ತರಿಸಿದನೆಂದು ಹೇಳುತ್ತಾರೆ.

ಆ ಮನೆಯ ಗಂಡ ಹೆಂಡತಿ ದುಬೈ ಮೂಲಕ ಊರಿಗೆ ಹೊರಡುವವರಿದ್ದರು. ಅಮೆರಿಕದ ದಾರಿಯಲ್ಲಿ ತಲಾ ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆ ಒಯ್ಯುವ ಅವಕಾಶ ಸಾಮಾನ್ಯ. ಇವರು ಒಯ್ದದ್ದು ತಲಾ ಒಂದು ಕೈಚೀಲ. ಹದಿನಾರು ಗಂಟೆಯ ಹಾರಾಟ, ಮೂರು ವಾರದ ರಜೆ, ಒಂದು ಕೈಚೀಲ! ಒಳಗೆ ಮೂರು ಅಂಗಿ, ಎರಡು ಪ್ಯಾಂಟು, ತೆಳು ಟವೆಲು, ಮತ್ತೆ ಕನ್ನಡಕದ ಡಬ್ಬಿಯಷ್ಟು ದೊಡ್ಡ ಒಂದು ಜಿಪ್ ಚೀಲ. ಅದರೊಳಗೆ ಕಂದು ಗಾಜಿನ ಐದು ಬಾಟಲಿ, ತಲಾ ಹತ್ತು ಮಿಲಿಲೀಟರು. ಬಾಟಲಿ ಸಮೇತ ಒಂದೊಂದು ಮೂವತ್ತು ನಲವತ್ತು ಗ್ರಾಂ ತೂಗಬಹುದು. ಸ್ಪ್ರೇ, ಬಾಮು, ರೂಮ್ ಫ್ರೆಶ್ನರು, ಸೊಳ್ಳೆ ಕ್ರೀಮು, ಡಿಯೋಡರೆಂಟು ಎಲ್ಲಕ್ಕೂ ಇವೇ ಎಂದರು. ಅವರು ಹೇಳಿದ್ದರಲ್ಲಿ ಅರ್ಧ ನನಗೆ ಒಪ್ಪಿಗೆಯಾಯಿತು. ಉಳಿದರ್ಧ ಆಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಸುಗಂಧ ತೈಲ ಎಂದರೆ ಗಿಡದ ಎಲೆ, ಹೂ, ತೊಗಟೆ, ಕಟ್ಟಿಗೆಯನ್ನು ಹಬೆಯಲ್ಲಿ ಬೇಯಿಸಿ ಬಟ್ಟಿ ಇಳಿಸಿದ ಸಾರ. ಕೊಬ್ಬರಿ ಎಣ್ಣೆ, ಎಳ್ಳೆಣ್ಣೆಯಂತೆ ಜಿಡ್ಡಿನದಲ್ಲ. ಕಾಗದದ ಮೇಲೆ ಬಿಟ್ಟರೆ ಹೆಚ್ಚಿನವು ಆರಿಹೋಗುತ್ತವೆ. ಇದರ ಮಹಿಮೆ ಇರುವುದೇ ಭಾರ ಇಳಿಸುವುದರಲ್ಲಿ. ನೂರು ಕಿಲೋ ಗಂಧದ ಚೇಗಿನಿಂದ ಬರುವ ಎಣ್ಣೆ ಹೆಚ್ಚೆಂದರೆ ಐದಾರು ಕಿಲೋ. ಈ ಲೆಕ್ಕ ಮೈಸೂರು ಸಂಸ್ಥಾನಕ್ಕೆ ಕೈಗೆ ಹತ್ತಿದ್ದು ಮೊದಲ ಮಹಾಯುದ್ಧದಲ್ಲಿ. ಅದುವರೆಗೆ ನಮ್ಮ ಗಂಧದ ಕೊರಡುಗಳು ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಬಂದು ಆ ದಾರಿ ಮುಚ್ಚಿತು, ಕೊರಡು ಇಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ನಾವೇ ಬಟ್ಟಿ ಇಳಿಸತೊಡಗಿದೆವು. ಮರದ ಬದಲು ಎಣ್ಣೆ ಕಳಿಸಿದರೆ ಭಾರ ಇಪ್ಪತ್ತರಲ್ಲಿ ಒಂದು ಪಾಲು, ಲಾಭವೂ ನಮ್ಮದೇ. ಮೈಸೂರು ಸ್ಯಾಂಡಲ್ ಸೋಪು ಹುಟ್ಟಿದ್ದು ಆ ಎಣ್ಣೆಯಿಂದ. ದೇರಾದ ಅತ್ತರಿನ ಅಂಗಡಿಯಲ್ಲಿ ಗಾಜಿನ ಕಡ್ಡಿಯಿಂದ ಮುಂಗೈಗೆ ಒಂದು ಗೆರೆ ಎಳೆಯುವ ಮುದುಕನಿಗೂ ಗೊತ್ತಿರುವುದು ಇದೇ ಲೆಕ್ಕ.

ನಮ್ಮಂಥ ದುಡಿಯುವವರ ಚೀಲಕ್ಕೆ ಕಲ್ವರ್ ಸಿಟಿಯ ಐದು ಬಾಟಲಿ ಬೇಡ, ಮೂರು ಸಾಕು. ನೀಲಗಿರಿ, ಲ್ಯಾವೆಂಡರ್, ಲವಂಗ. ಲ್ಯಾವೆಂಡರ್ ದುಬಾರಿ ಅನಿಸಿದರೆ ಅದರ ಜಾಗಕ್ಕೆ ಮಜ್ಜಿಗೆಹುಲ್ಲಿನ ಎಣ್ಣೆ, ಅದು ನಮ್ಮ ಕಡೆಯದ್ದೇ. ಹಗುರವಾಗುವುದು ಮುಖ್ಯವಾಗಿ ಬಟ್ಟೆಯಿಂದ ಎಂಬುದನ್ನು ಮರೆಯಬೇಡಿ. ಒಂದು ಜೀನ್ಸ್ ಅಂದರೆ ಮುಕ್ಕಾಲು ಕಿಲೋ, ಒಂದು ದಪ್ಪ ಟವೆಲು ಅರ್ಧ ಕಿಲೋ. ಹತ್ತು ಅಂಗಿ ಒಯ್ಯುವವನು ಒಯ್ಯುವುದು ಬೆವರಿನ ವಾಸನೆಗೆ ಹೆದರಿ. ಮೂರು ಅಂಗಿ ಒಯ್ದು, ರಾತ್ರಿ ಒಂದನ್ನು ಸೋಪಿನಲ್ಲಿ ತೊಳೆದು, ಕೊನೆಯ ಬಕೆಟ್ ನೀರಿಗೆ ಎರಡು ಹನಿ ಲ್ಯಾವೆಂಡರ್ ಹಾಕಿ ಹಿಂಡಿ ಒಣಗಿಸಿದರೆ ಬೆಳಗ್ಗೆ ಅಂಗಿ ಸಿದ್ಧ. ಎಣ್ಣೆ ಕೊಳೆ ತೆಗೆಯುವುದಿಲ್ಲ, ಅದು ಸೋಪಿನ ಕೆಲಸ. ಶೂ ಒಳಗೆ ಮಡಚಿಟ್ಟ ಕಾಗದಕ್ಕೆ ಎರಡು ಹನಿ, ಮಳೆಗಾಲದಲ್ಲಿ ಊರಿನ ಕಪಾಟಿನ ಮುಗ್ಗುಲು ವಾಸನೆಗೆ ಹತ್ತಿಯಲ್ಲಿ ನಾಲ್ಕು ಹನಿ. ನೆಗಡಿಗೆ ಬಿಸಿನೀರಿನ ಹಬೆಯಲ್ಲಿ ನೀಲಗಿರಿ, ಮೂಗು ತೆರೆದಂತೆ ಅನ್ನಿಸುತ್ತದೆ. ನೆಗಡಿ ತನ್ನ ದಿನ ಮುಗಿಸಿಯೇ ಹೋಗುತ್ತದೆ. ಲವಂಗದೆಣ್ಣೆ ಹಲ್ಲುನೋವಿಗೆ, ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹತ್ತಿಯಲ್ಲಿ ಅದ್ದಿ ಇಟ್ಟುಕೊಳ್ಳಲು. ಅದು ದಂತವೈದ್ಯರ ಬಾಗಿಲು ತೆರೆಯುವವರೆಗೆ ರಾತ್ರಿ ಕಳೆಯುವ ಉಪಾಯ ಅಷ್ಟೇ.

ಮೈಗೆ ಹಚ್ಚುವುದಿದ್ದರೆ ನೇರ ಹಚ್ಚಬಾರದು. ಎರಡು ದೊಡ್ಡ ಚಮಚ, ಅಂದರೆ 30 ಮಿಲಿಲೀಟರು ಕೊಬ್ಬರಿ ಎಣ್ಣೆಗೆ ಹನ್ನೆರಡು ಹನಿ ಸಾಕು. ಇನ್ನೊಂದು ಮಾತು ಬ್ಯಾಚುಲರ್ ರೂಮಿನವರಿಗೆ. ಆರು ಜನ ಮಲಗುವ ರೂಮಿನಲ್ಲಿ, ಅಥವಾ ವಿಮಾನದೊಳಗೆ, ಬಾಟಲಿ ತೆರೆದು ಘಮಘಮ ಎಬ್ಬಿಸುವುದು ಸಂಸ್ಕಾರವಲ್ಲ. ಪಕ್ಕದವನಿಗೆ ಉಬ್ಬಸ ಇರಬಹುದು. ಕರವಸ್ತ್ರಕ್ಕೆ ಒಂದು ಹನಿ, ಅದನ್ನು ನಿಮ್ಮ ಮೂಗಿಗೆ ಮಾತ್ರ ಹಿಡಿಯಿರಿ.

ಈಗ ನಾನು ಒಪ್ಪದ ಅರ್ಧ. ಕೈ ತೊಳೆಯುವ ಬದಲು ಎಣ್ಣೆ, ಜ್ವರದ ಮಾತ್ರೆಯ ಬದಲು ಎಣ್ಣೆ, ಡೆಂಗಿ ಸೊಳ್ಳೆಗೆ ಎಣ್ಣೆ ಎಂಬ ಮಾತುಗಳು ಕಲ್ವರ್ ಸಿಟಿಯಲ್ಲಷ್ಟೇ ಅಲ್ಲ, ನಮ್ಮ ಶುಕ್ರವಾರದ ಕೂಟಗಳಲ್ಲೂ ಕೇಳಿಬರುತ್ತಿವೆ. ಈ ಎಣ್ಣೆಗಳನ್ನು ಸದಸ್ಯರ ಸರಪಣಿಯಲ್ಲಿ ಮಾರುವ ದೊಡ್ಡ ಕಂಪನಿಗಳು ಅಮೆರಿಕದ ಯೂಟಾದವು: ಯಂಗ್ ಲಿವಿಂಗ್ ಮತ್ತು ಡೋಟೆರಾ. ಅವುಗಳ ಮಾರಾಟಗಾರರು ಎಬೋಲಾಗೂ ಎಣ್ಣೆ ಮದ್ದು ಎಂಬಂತೆ ಪ್ರಚಾರ ಮಾಡಿದ್ದಕ್ಕೆ 2014ರ ಸೆಪ್ಟೆಂಬರಿನಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎರಡಕ್ಕೂ ಎಚ್ಚರಿಕೆ ಪತ್ರ ಬರೆಯಿತು. ಸೊಳ್ಳೆಯ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಶಿಫಾರಸು ಮಾಡುವ ಲೆಮನ್ ಯೂಕಲಿಪ್ಟಸ್ ಸೊಳ್ಳೆನಿವಾರಕ ಸಂಸ್ಕರಿಸಿ ನೋಂದಾಯಿಸಿದ ವಸ್ತು; ಅದೇ ಹೆಸರಿನ ಶುದ್ಧ ಸುಗಂಧ ತೈಲ ಅಲ್ಲ. ಅದನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು.

ಮಕ್ಕಳ ಮಾತು ಬಂದಾಗ ಸ್ವಲ್ಪ ನಿಲ್ಲಬೇಕು. ಗಲ್ಫಿನಿಂದ ಒಯ್ದ ಬಾಟಲಿ ಊರಿನಲ್ಲಿ ಮಗುವಿನ ಕೈಗೆ ಎಟಕುವ ಕಿಟಕಿಯಲ್ಲಿ ಇರುತ್ತದೆ. ಒಂದು ಟೀ ಚಮಚ ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು. ಕರ್ಪೂರ ಅದಕ್ಕಿಂತ ಕೆಟ್ಟದ್ದು. ಎಳೆಗೂಸಿನ ಮೂಗಿಗೆ, ಎದೆಗೆ ಇವನ್ನು ಹಚ್ಚುವ ಪದ್ಧತಿ ನಮ್ಮಲ್ಲಿದೆ. ಎರಡು ವರ್ಷದೊಳಗಿನ ಮಗುವಿಗೆ ಅದು ಬೇಡವೇ ಬೇಡ. ಅಜ್ಜಿಗೆ ಬಾಟಲಿ ಕೊಡುವಾಗ ಈ ಮಾತನ್ನೂ ಕೊಡಿ.

ಹೆಸರಿನಲ್ಲಿ ಹೂವಿದ್ದ ಮಾತ್ರಕ್ಕೆ ಬಾಟಲಿ ಶುದ್ಧ ಎಂದೂ ಅಲ್ಲ. 2021ರಲ್ಲಿ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಎಂಬ ಸೋಂಕು ತಗುಲಿ ಇಬ್ಬರು ಸತ್ತರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲ್ಯಾವೆಂಡರ್ ಮತ್ತು ಕ್ಯಾಮೊಮೈಲ್ ಹೆಸರಿನ ಒಂದು ರೂಮ್ ಸ್ಪ್ರೇ, ಅದರೊಳಗೆ ಬ್ಯಾಕ್ಟೀರಿಯಾ. ತಯಾರಾದದ್ದು ಭಾರತದಲ್ಲಿ. ಸಂತೆಯಲ್ಲಿ ಹತ್ತು ದಿರಮ್ಮಿಗೆ ಮೂರು ಎಂದು ಸಿಗುವ ಬಾಟಲಿಯ ಚೀಟಿಯಲ್ಲಿ ಗಿಡದ ಹೆಸರು, ತಯಾರಕರ ವಿಳಾಸ, ತಾರೀಕು ಇಲ್ಲದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನು ವಿಮಾನದ ಕಟ್ಟಲೆ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಬಂದದ್ದು ಕೈಚೀಲದ ನೂರು ಮಿಲಿಲೀಟರಿನ ನಿಯಮ. ಬಾಟಲಿಯ ಅಳತೆ ನೋಡುತ್ತಾರೆ, ಒಳಗಿರುವುದನ್ನಲ್ಲ. ಇನ್ನೂರರ ಬಾಟಲಿಯಲ್ಲಿ ತಳಕ್ಕಿಳಿದ ಎಣ್ಣೆಯೂ ಕಸದ ಬುಟ್ಟಿಗೇ. ಹತ್ತರ ಬಾಟಲಿಗೆ ಆ ಭಯವಿಲ್ಲ. ಆದರೆ ನೀಲಗಿರಿ ಎಣ್ಣೆ ಐವತ್ತು ಡಿಗ್ರಿಯ ಆಸುಪಾಸಿನಲ್ಲೇ ಹೊತ್ತಿಕೊಳ್ಳುವ ಆವಿ ಬಿಡುತ್ತದೆ. ಆಗಸ್ಟಿನಲ್ಲಿ ನಮ್ಮ ನಿಲ್ಲಿಸಿದ ಕಾರಿನೊಳಗೆ ಎಷ್ಟು ಡಿಗ್ರಿ ಎಂದು ನಿಮಗೆ ಹೇಳಬೇಕಿಲ್ಲ. ಲೀಟರುಗಟ್ಟಲೆ ಕೊಂಡು ಪೆಟ್ಟಿಗೆಗೆ ಹಾಕುವ ಸಾಹಸ ಬೇಡ. ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ, ಮೇಲೆ ಹೋದಾಗ ಗಾಳಿಯ ಒತ್ತಡ ಇಳಿದು ಸೋರುತ್ತದೆ. ಪ್ಲಾಸ್ಟಿಕ್ಕಿಗೂ ಸುರಿಯಬೇಡಿ, ಲವಂಗದೆಣ್ಣೆ ಕೆಲವು ಪ್ಲಾಸ್ಟಿಕ್ಕನ್ನು ಕರಗಿಸಿಬಿಡುತ್ತದೆ. ಕಂದು ಗಾಜು, ಮುಚ್ಚಳಕ್ಕೆ ಸುತ್ತ ಟೇಪು, ಹೊರಗೊಂದು ಜಿಪ್ ಚೀಲ.

ಊರಿನಿಂದ ಮರಳುವಾಗಿನ ಚೀಲದಲ್ಲಿ ಇನ್ನೂ ಮೂರು ವಸ್ತು ನಮ್ಮವರಿಗೆ ಸದಾ ತೊಡಕು. ಒಣಕೊಬ್ಬರಿ ವಿಮಾನದ ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ, ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೇ ಇದೆ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ಗುಣ ಅದಕ್ಕೆ. ಪೂಜೆಯ ಕರ್ಪೂರವೂ ಬೆಂಕಿಯ ಪಟ್ಟಿಯದ್ದೇ. ಮೂರನೆಯದು ಗಸಗಸೆ. ನಮಗೆ ಪಾಯಸ, ಯುಎಇ ಮತ್ತು ಸೌದಿಯ ಕಾನೂನಿಗೆ ಅಫೀಮಿನ ಗಿಡದ ಬೀಜ. ತಾಯಿ ಪ್ರೀತಿಯಿಂದ ಕಟ್ಟಿಕೊಟ್ಟ ನೂರು ಗ್ರಾಂ ಎಂದು ಹೇಳಿದರೆ ಅಧಿಕಾರಿ ನಂಬಬಹುದು, ಬಿಡಲಾರ. ಕೆಮ್ಮಿನ ಕೋಡೀನ್ ಔಷಧ, ನೋವಿನ ಟ್ರಾಮಡಾಲ್ ಮಾತ್ರೆಗೂ ಮೊದಲೇ ಅನುಮತಿ ಬೇಕು.

ದೇಶ ಬದಲಾದರೆ ತಪ್ಪಿನ ಅರ್ಥವೂ ಬದಲಾಗುತ್ತದೆ. ಕಲ್ವರ್ ಸಿಟಿಗೆ ಹೋಗುವ ಕನ್ನಡಿಗನ ಚೀಲದಲ್ಲಿ ದೊಡ್ಡ ಅಪರಾಧಿ ಕರಿಬೇವು! ಕಿತ್ತಳೆ, ನಿಂಬೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಒಂದು ಸಣ್ಣ ಕೀಟಕ್ಕೆ ಕರಿಬೇವಿನ ಗಿಡ ಆಸರೆ. ಆ ಕೀಟ ಕ್ಯಾಲಿಫೋರ್ನಿಯದಲ್ಲಿ ಮೊದಲು ಕಂಡದ್ದು 2008ರಲ್ಲಿ, ಸ್ಯಾನ್ ಡಿಯಾಗೋ ಕಡೆ. ರೋಗ ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯ ಹಸಿಯೆಂಡಾ ಹೈಟ್ಸಿನ ಒಂದು ಮನೆಯ ಹಿತ್ತಲಿನಲ್ಲಿ. ಅಂದಮೇಲೆ ಒಗ್ಗರಣೆಗೆ ಒಯ್ದ ಹಸಿ ಕರಿಬೇವನ್ನು ಅವರು ಕಿತ್ತು ಎಸೆದರೆ ಸಿಟ್ಟಾಗುವಂತಿಲ್ಲ. ಹೇಳದೆ ಅಡಗಿಸಿದರೆ ದಂಡವೂ ಬೀಳಬಹುದು.

ಆ ಕಡೆಯಿಂದ ಈ ಕಡೆಗೆ ಬರುವಾಗ ಇದಕ್ಕಿಂತ ದೊಡ್ಡ ಅಪಾಯ. ಈ ಬರಹ ಬರೆಯಲು ನನಗೆ ಮುಖ್ಯ ಕಾರಣವೇ ಅದು. ಕ್ಯಾಲಿಫೋರ್ನಿಯದಲ್ಲಿ 2016ರಲ್ಲಿ ಜನಮತದಿಂದ ಗಾಂಜಾ ಕಾನೂನುಬದ್ಧವಾಯಿತು, 2018ರ ಜನವರಿ 1ರಿಂದ ಅಂಗಡಿಗಳಲ್ಲಿ ಮಾರಾಟ. ಅದೇ ಗಿಡದಿಂದ ತೆಗೆದ ಸಿಬಿಡಿ ಎಂಬ ಎಣ್ಣೆ ಅಲ್ಲಿ ಲ್ಯಾವೆಂಡರಿನ ಪಕ್ಕದಲ್ಲೇ, ಅದೇ ಕಂದು ಬಾಟಲಿಯಲ್ಲಿ, ಅದೇ ಎಲೆಯ ಚಿತ್ರದೊಂದಿಗೆ ಇರುತ್ತದೆ. ನಿದ್ರೆಗೆ, ಮಂಡಿನೋವಿಗೆ ಎಂದು ಮುದುಕರೂ ಕೊಳ್ಳುತ್ತಾರೆ. ಮುಲಾಮು, ಮಿಠಾಯಿ, ತುಟಿಗೆ ಹಚ್ಚುವ ಕಡ್ಡಿಯಲ್ಲೂ ಅದು ಇರುತ್ತದೆ. ಅಲ್ಲಿ ಅದು ದಿನಸಿ. ಯುಎಇಯಲ್ಲಿ, ಸೌದಿಯಲ್ಲಿ ಅದು ಮಾದಕವಸ್ತು. ಅಲ್ಲಿನ ವೈದ್ಯರ ಚೀಟಿಯೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ದುಬೈಯಲ್ಲಿ ವಿಮಾನ ಬದಲಿಸುವವನಿಗೂ ಇಲ್ಲಿನ ಕಾನೂನೇ. ಅಮೆರಿಕದಲ್ಲಿರುವ ಬಾವ, ಅಣ್ಣನ ಮಗಳು ನಮ್ಮ ಬೆನ್ನುನೋವಿನ ಮೇಲಿನ ಕರುಣೆಯಿಂದಲೇ ಬಾಟಲಿ ಕೊಡುತ್ತಾರೆ. ಅವರಿಗೆ ನಮ್ಮ ಕಾನೂನು ಗೊತ್ತಿರುವುದಿಲ್ಲ. ಚೀಟಿಯ ಮೇಲೆ ಸಿಬಿಡಿ, ಹೆಂಪ್, ಕ್ಯಾನಬಿಸ್ ಎಂಬ ಮೂರರಲ್ಲಿ ಒಂದು ಪದ ಕಂಡರೂ ಕೈಮುಗಿದು ಹಿಂದಕ್ಕೆ ಕೊಡಿ. ಇಂಗ್ಲಿಷ್ ಓದಲು ಬಾರದಿದ್ದರೆ ಓದಬಲ್ಲವರಿಗೆ ತೋರಿಸಿ; ತೋರಿಸಲು ಯಾರೂ ಸಿಗದಿದ್ದರೆ ತರಬೇಡಿ.

ಇನ್ನೊಬ್ಬರ ಪೊಟ್ಟಣದ ವಿಷಯವೂ ಹೀಗೇ. ನಮ್ಮೂರಿನವನು, ಅರ್ಧ ಕಿಲೋ ಅಷ್ಟೇ, ಮಗನಿಗೆ ಎಣ್ಣೆ, ತಲುಪಿಸಿಬಿಡಿ ಎಂದಾಗ ಇಲ್ಲ ಎನ್ನಲು ನಮಗೆ ನಾಲಿಗೆ ಹೊರಳುವುದಿಲ್ಲ. ಮುಚ್ಚಳ ತೆರೆದು, ಮೂಸಿ, ಅಂಗಡಿಯ ಸೀಲು ನೋಡಿ ಒಪ್ಪಿಕೊಂಡರೆ ಅವಮಾನವೇನಲ್ಲ. ಸೀಲು ಇಲ್ಲದ ಬಾಟಲಿ, ಹೊಲಿದ ಪೊಟ್ಟಣ ಯಾರದ್ದಾದರೂ ಬೇಡ. ಸಿಕ್ಕಿಬಿದ್ದಾಗ ಪೆಟ್ಟಿಗೆಯ ಮೇಲಿನ ಹೆಸರು ನಮ್ಮದು.

ಹಗುರ ಚೀಲದ ವಿರುದ್ಧ ಒಂದು ದೊಡ್ಡ ವಾದವಿದೆ, ಅದನ್ನು ನಾನು ಅಲ್ಲಗಳೆಯಲಾರೆ. ಎರಡು ವರ್ಷ ಮನೆ ಬಿಟ್ಟಿದ್ದವನು ಬರಿಗೈಯಲ್ಲಿ ಹೋಗುವುದು ಹೇಗೆ? ಮಕ್ಕಳು ಕೈ ನೋಡುತ್ತಾರೆ, ನೆರೆಯವರು ಪೆಟ್ಟಿಗೆ ನೋಡುತ್ತಾರೆ. ಕಲ್ವರ್ ಸಿಟಿಯ ಸಾಫ್ಟ್‌ವೇರ್ ದಂಪತಿ ಒಂದು ಕೈಚೀಲದಲ್ಲಿ ಇಳಿದರೆ ಅದು ಫ್ಯಾಶನ್, ಜೆಬೆಲ್ ಅಲಿಯ ಫೋರ್‌ಮನ್ ಇಳಿದರೆ ಏನಾಯಿತೋ ಪಾಪ ಎನ್ನುತ್ತಾರೆ. ನಿಜ. ಆದರೆ ಮೂವತ್ತು ಕಿಲೋ ತುಂಬಿಸಲು ಆತ ಎಷ್ಟು ಓವರ್‌ಟೈಮ್ ಮಾಡಿದ ಎಂಬ ಲೆಕ್ಕ ಆ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಊರಿನಲ್ಲೇ ಸಿಗುವ ಹಾಲಿನ ಪುಡಿ, ಸೋಪು, ಕಂಬಳಿಯ ದುಡ್ಡನ್ನು ಹೆಂಡತಿಯ ಖಾತೆಗೆ ಹಾಕಿದರೆ ಅವಳು ಅದನ್ನು ಪುತ್ತೂರಿನ ಅಂಗಡಿಯಲ್ಲಿ ತನಗೆ ಬೇಕಾದದ್ದನ್ನು ನೋಡಿ ಕೊಳ್ಳಬಲ್ಲಳು. ಮಕ್ಕಳಿಗೆ ಒಂದೊಂದು ಆಟಿಕೆ, ತಾಯಿಗೆ ಆ ಹಸಿರು ಬಾಟಲಿ, ತಂದೆಗೆ ದೇರಾದ ಅತ್ತರು ಒಂದು ತೊಲ. ಹತ್ತು ಕಿಲೋದಲ್ಲಿ ಮುಗಿಯುತ್ತದೆ.

ನಮ್ಮ ಸಂಘಕ್ಕೆ ನನ್ನದೊಂದು ಕೋರಿಕೆ ಇದೆ. ಪ್ರತಿ ವರ್ಷ ಮೇ ತಿಂಗಳಲ್ಲಿ, ರಜೆಗೆ ಹೊರಡುವ ಮುಂಚೆ, ಒಯ್ಯಬಾರದ ವಸ್ತುಗಳ ಒಂದು ಪುಟವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕ್ಯಾಂಪುಗಳಲ್ಲಿ ಅಂಟಿಸಬೇಕು. ಊರಿನಿಂದ ಮರಳುವವರಿಗೆಂದು ಅದರದ್ದೇ ಇನ್ನೊಂದು ಪ್ರತಿಯನ್ನು ಮನೆಯವರ ಫೋನಿಗೆ ಕಳಿಸಬೇಕು, ಏಕೆಂದರೆ ಗಸಗಸೆ ಕಟ್ಟಿಕೊಡುವ ಕೈ ಅಲ್ಲಿರುವುದು. ಕಾನೂನು ಆಗಾಗ ಬದಲಾಗುವುದರಿಂದ ಆಯಾ ವರ್ಷ ರಾಯಭಾರ ಕಚೇರಿಯ ಮತ್ತು ವಿಮಾನ ಕಂಪನಿಯ ಸೂಚನೆ ನೋಡಿ ತಿದ್ದಬೇಕು. ಪಟ್ಟಿ ಮಾಡಲು ನಾಲ್ಕು ಜನ ಬೇಕಾಗುತ್ತಾರೆ, ಒಬ್ಬ ಔಷಧದಂಗಡಿಯಲ್ಲಿ ಕೆಲಸ ಮಾಡುವವನಾದರೆ ಒಳ್ಳೆಯದು. ನಾನು ಹೆಸರು ಕೊಟ್ಟಿದ್ದೇನೆ.